ಬೂರಣ್ಣನೂ ನರಿ ತೋರಿಸಿದ ಮನೆಯೂ

ಹೆದ್ದಾರಿ ಸುತ್ತಿ ಬಳಸಿ ಹೋಗುವ ಒಂದು ಕಾಡಿನಲ್ಲಿ ಲ್ಯಾಬ್ರಡಾರ್ ನಾಯಿಗಳಿಗೆ ಮನೆ ಹುಡುಕಿಕೊಡುವ ಸಂಘವೊಂದಿತ್ತು. ಕಾಡಿಗೇಕೆ ಲ್ಯಾಬ್ರಡಾರ್ ಎಂದು ನೀವು ಕೇಳಬಹುದು. ಕಾಡೂ ಮೊದಲು ಹಾಗೆಯೇ ಕೇಳಿತ್ತು. ಪಟ್ಟಣದವರು ಬೆಣ್ಣೆಮುದ್ದೆಯಂಥ ಮರಿಯನ್ನು ಆಸೆಪಟ್ಟು ಮನೆಗೆ ತರುತ್ತಿದ್ದರು. ಮರಿ ಒಂದೇ ವರ್ಷದಲ್ಲಿ ಸೋಫಾದಷ್ಟು ದೊಡ್ಡದಾಗುತ್ತಿತ್ತು. ಅಷ್ಟರಲ್ಲಿ ಸೋಫಾವನ್ನು ತಿಂದೂ ಮುಗಿಸಿರುತ್ತಿತ್ತು. ಆಗ ಒಂದು ಭಾನುವಾರ ಮನೆಯವರು ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಕಾಡಿನ ತಿರುವಿನಲ್ಲಿ ಬಾಗಿಲು ತೆರೆದು, ಒಂದು ಬಿಸ್ಕತ್ತನ್ನು ದೂರ ಎಸೆಯುತ್ತಿದ್ದರು. ನಾಯಿ ಬಿಸ್ಕತ್ತಿನ ಹಿಂದೆ ಓಡುತ್ತಿತ್ತು. ಕಾರು ಮುಂದೆ ಓಡುತ್ತಿತ್ತು.

ಹೀಗೆ ಉಳಿದುಹೋದ ನಾಯಿಗಳನ್ನು ಕಾಡಿನ ಪ್ರಾಣಿಗಳು ಆಸರೆಗೆ ಕರೆತಂದು, ಮೈಮೇಲಿನ ಉಣುಗು ಕಿತ್ತು, ರಾಗಿಮುದ್ದೆ ಹಾಕಿ, ಯಾರಾದರೂ ಒಳ್ಳೆಯವರ ಮನೆಗೆ ಸೇರಿಸುತ್ತಿದ್ದವು. ಸಂಘಕ್ಕೆ ಕಾಡುಕೋಣ ಭರಮಣ್ಣ ಅಧ್ಯಕ್ಷ. ಶುರುವಿನಲ್ಲಿ ಮೂವತ್ತೆರಡು ಜನ ಸ್ವಯಂಸೇವಕರಿದ್ದರು. ಮೊದಲ ನಾಯಿ ಬಂದು ಎಲ್ಲರ ಮುಖವನ್ನೂ ನೆಕ್ಕಿದ ಮೇಲೆ ಐವರು ಉಳಿದರು.

ಆ ಐವರಲ್ಲಿ ಹೆಚ್ಚು ದುಡಿಯುತ್ತಿದ್ದವಳು ಮುಳ್ಳುಹಂದಿ ಚೌಡಮ್ಮ. ಅವಳಿಗೆ ನಾಯಿಗಳೆಂದರೆ ಪ್ರಾಣ. ನಾಯಿಗಳಿಗೂ ಅವಳೆಂದರೆ ಪ್ರಾಣ. ತೊಂದರೆ ಇದ್ದದ್ದು ಅಲ್ಲಿಯೇ. ಲ್ಯಾಬ್ರಡಾರ್ ಪ್ರೀತಿ ಬಂದರೆ ಮೈಮೇಲೆ ಹಾರುತ್ತದೆ. ಚೌಡಮ್ಮನ ಮೈಮೇಲೆ ಹಾರಿದವರು ಒಂದು ವಾರ ಮೂಗು ಹಿಡಿದುಕೊಂಡು ಓಡಾಡಬೇಕಾಗುತ್ತಿತ್ತು. ಆದ್ದರಿಂದ ಅವಳು ಮುದ್ದೆಯ ಗಡಿಗೆ ಹಿಡಿದು ಒಂದು ಮಾರು ದೂರದಲ್ಲಿ ನಿಂತೇ ಕೂಗುತ್ತಿದ್ದಳು.

"ಅಲ್ಲೇ ಕೂತ್ಕೊಳ್ರೋ! ಪ್ರೀತಿ ಏನಿದ್ರೂ ದೂರದಿಂದ್ಲೇ ಮಾಡಿ!"

ಮನೆ ತಪಾಸಣೆಯ ಕೆಲಸವೂ ಅವಳದೇ. ಮೊದಲು ಅದನ್ನು ಆಮೆ ಮಾಡುತ್ತಿತ್ತು. ಅದು ಹೊರಟು ತಲುಪುವಷ್ಟರಲ್ಲಿ ನಾಯಿ ಕೇಳಿದವರು ಬೇರೆ ಮನೆಗೆ ಹೋಗಿರುತ್ತಿದ್ದರು. ಚೌಡಮ್ಮ ಬಂದ ಮೇಲೆ ಪದ್ಧತಿ ಬಿಗಿಯಾಯಿತು. ನಾಯಿ ಕೊಡುವ ಮೊದಲು ಹೇಳಿ ಒಂದು ಸಲ ಹೋಗುವುದು. ಕೊಟ್ಟ ಎಂಟನೆಯ ದಿನ ಹೇಳದೆ ಇನ್ನೊಂದು ಸಲ ಹೋಗುವುದು. ಚಿರತೆ ಕೂಡ ಒಮ್ಮೆ ನಾಯಿ ಕೇಳಿಕೊಂಡು ಬಂದಿತ್ತು. "ನಾಯಿ ಅಂದ್ರೆ ನಂಗೆ ಬಹಳ ಇಷ್ಟ" ಎಂದಿತ್ತು. ಅವಳು ಆ ಮನೆಯ ತಪಾಸಣೆಗೆ ಹೋಗಲಿಲ್ಲ.

ಆಸರೆಯ ನಾಯಿಗಳಲ್ಲೆಲ್ಲ ಚೌಡಮ್ಮನ ನಿದ್ದೆ ಕೆಡಿಸಿದವನು ಬೂರಣ್ಣ. ಪಟ್ಟಣದಲ್ಲಿ ಅವನ ಹೆಸರು ಬ್ರೂನೋ ಅಂತ ಇತ್ತಂತೆ. ಕಾಡಿನವರ ನಾಲಿಗೆಗೆ ಅದು ಒಗ್ಗಲಿಲ್ಲ. ಬೂರಣ್ಣ ಎಂದು ಕರೆದರು. ಅದಕ್ಕೂ ಅವನು ಬಾಲ ಅಲ್ಲಾಡಿಸಿದ. ಅವನು ಎಲ್ಲದಕ್ಕೂ ಬಾಲ ಅಲ್ಲಾಡಿಸುತ್ತಿದ್ದ. ಗುಡುಗಿಗೂ.

ಮೂರು ಮನೆಗೆ ಹೋಗಿ ಮೂರು ಸಲ ವಾಪಸು ಬಂದಿದ್ದ. ಕರಡಿಯ ಮನೆಯಲ್ಲಿ ಜೇನಿನ ಜೊತೆ ಗೂಡನ್ನೂ, ಗೂಡಿನ ಜೊತೆ ಒಂದಿಷ್ಟು ಹುಳುಗಳನ್ನೂ ತಿಂದು, ಮುಖ ಕುಂಬಳಕಾಯಿ ಮಾಡಿಕೊಂಡು ಬಂದ. ನೀರುನಾಯಿಯ ಮನೆಯಲ್ಲಿ ದಿನವಿಡೀ ಹೊಳೆಯಲ್ಲೇ ಇದ್ದು, ಹೊರಗೆ ಬಂದಾಗಲೆಲ್ಲ ಮನೆಮಂದಿಯ ನಡುವೆ ನಿಂತೇ ಮೈ ಕೊಡವಿದ. ನೀರುನಾಯಿಗಳಿಗೇ ನೆಗಡಿಯಾಯಿತು. ಹೆಣ್ಣುನವಿಲಿನ ಮನೆಯಲ್ಲಿ ಯಾರು ಬಂದರೂ ಅವಳ ಒಂದೊಂದು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಹೋಗಿ ಎದುರುಗೊಂಡ. ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಆದರೂ ತಾಯಿ ಮೂರ್ಛೆ ಹೋದಳು.

ಆಸರೆಯಲ್ಲಿ ಹನ್ನೊಂದು ನಾಯಿಗಳಿಗೆ ಮಾತ್ರ ಜಾಗ. ಹಾಗಾಗಿ ಸಂಘದಲ್ಲೊಂದು ಕಟ್ಟಳೆಯಿತ್ತು. ನಾಲ್ಕು ಸಲ ವಾಪಸಾದ ನಾಯಿಯನ್ನು ಬಂದಲ್ಲಿಗೇ ಬಿಟ್ಟುಬರಬೇಕು. ಬಂದಲ್ಲಿಗೆ ಎಂದರೆ ಹೆದ್ದಾರಿಗೆ.

ಬೂರಣ್ಣನನ್ನು ಹೆದ್ದಾರಿಯಿಂದ ಕರೆತಂದವಳು ಚೌಡಮ್ಮನೇ. ಎರಡು ದಿನ ಅವನು ಅಲ್ಲಿಂದ ಏಳಲು ಒಪ್ಪಿರಲಿಲ್ಲ. ಬಿಳಿ ಕಾರು ಕಂಡಾಗಲೆಲ್ಲ ಬಾಲ ಅಲ್ಲಾಡಿಸುತ್ತ ರಸ್ತೆಯ ನಡುವಿಗೆ ಓಡುತ್ತಿದ್ದ. ಹೆದ್ದಾರಿಯಲ್ಲಿ ಬಿಳಿ ಕಾರುಗಳು ಬಹಳ. ಇನ್ನೊಮ್ಮೆ ಅಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಅಂಥ ಹೊತ್ತಿನಲ್ಲಿ ನರಿ ಸಿಂಗಾರಯ್ಯ ಆಸರೆಗೆ ಬಂದ. ಬಾಲ ಬಾಚಿಕೊಂಡಿದ್ದ. ಕೈಯಲ್ಲಿ ನಾಲ್ಕು ಒಣಮೀನುಗಳಿದ್ದವು.

"ನಾಯಿಗಳಿಗೆ ಅಂತ ತಂದೆ ಚೌಡಕ್ಕ. ನಮ್ಮ ಕೈಲಾದ ಸೇವೆ."

ಹಿಂದಿನ ದಿನ ತಾನೇ ನೀರುನಾಯಿಯ ಮನೆಯಲ್ಲಿ ಒಣಮೀನು ಕಳುವಾಗಿತ್ತು. ಆಗೀಗ ಕಾಡಿನಲ್ಲಿ ಎಲ್ಲರ ಮನೆಯಲ್ಲೂ ಏನಾದರೊಂದು ಕಳುವಾಗುತ್ತಿತ್ತು. ಈ ಮೀನನ್ನೂ ಆ ಮೀನನ್ನೂ ಕೂಡಿಸಿ ನೋಡಲು ಚೌಡಮ್ಮನಿಗೆ ಪುರಸೊತ್ತಿರಲಿಲ್ಲ. ವಾಸನೆ ಹಿಡಿದ ಹನ್ನೊಂದು ನಾಯಿಗಳು ಅವಳತ್ತಲೇ ಓಡಿಬರುತ್ತಿದ್ದವು.

"ನಂಗೊಂದು ನಾಯಿ ಬೇಕಿತ್ತು ಅಕ್ಕ" ಎಂದ ಸಿಂಗಾರಯ್ಯ.

"ನಿಂಗಾ? ನಿಮ್ಮೋರಿಗೂ ನಾಯಿಗೂ ಆಗಿಬರಲ್ವಲ್ಲಪ್ಪ."

"ಅದೆಲ್ಲ ನಮ್ಮಪ್ಪನ ಕಾಲದ್ದು. ನಂದು ಒಂಟಿ ಜೀವ. ಮಾತಾಡ್ಸೋರಿಲ್ಲ. ಮೈಕೈ ತುಂಬ್ಕೊಂಡಿರೋ ನಾಯಿ ಇದ್ರೆ ಕೊಡಿ. ದನಿ ಜೋರಾಗಿರ್ಬೇಕು."

"ಮಾತಾಡ್ಸೋಕೆ ದನಿ ಯಾಕೆ ಜೋರಾಗಿರ್ಬೇಕು?"

"ನಂಗೆ ಕಿವಿ ಸ್ವಲ್ಪ ಮಂದ ಅಕ್ಕ."

ಅಷ್ಟರಲ್ಲಿ ದೂರದ ಮರದಿಂದ ಒಂದು ಎಲೆ ಉದುರಿತು. ಸಿಂಗಾರಯ್ಯನ ಎರಡೂ ಕಿವಿ ಅತ್ತ ತಿರುಗಿದವು. ಚೌಡಮ್ಮ ಅದನ್ನು ನೋಡಿದಳು. ನೋಡಿಯೂ ಸುಮ್ಮನಾದಳು. ಬೂರಣ್ಣನಿಗೆ ಮನೆ ಸಿಗುವುದಾದರೆ ಕಿವಿಯ ವಿಷಯ ಅತ್ತ ಇರಲಿ ಎಂದುಕೊಂಡಳು.

"ಮನೆ ನೋಡ್ದೆ ನಾಯಿ ಕೊಡಲ್ಲ. ನಾಳೆ ಬೆಳಿಗ್ಗೆ ಬರ್ತೀನಿ."

"ಧಾರಾಳವಾಗಿ ಬನ್ನಿ. ಹೊಂಗೆಮರದ ಕೆಳಗಿನ ಬಿಲ. ದಾರೀಲಿ ಯಾರನ್ನೂ ಕೇಳೋಕೆ ಹೋಗ್ಬೇಡಿ ಅಕ್ಕ, ನಾನೇ ಎದುರಿಗೆ ಬಂದು ಕರ್ಕೊಂಡು ಹೋಗ್ತೀನಿ."

ಮರುದಿನ ಚೌಡಮ್ಮ ಹೋದಳು. ಅಂಥ ಮನೆಯನ್ನು ಅವಳು ಆವರೆಗೆ ಕಂಡಿರಲಿಲ್ಲ. ನೆಲಕ್ಕೆ ನುಣ್ಣನೆ ಮರಳು ಹಾಸಿತ್ತು. ಎರಡು ಕೋಣೆ, ಎರಡಕ್ಕೂ ಗಾಳಿ. ಕಸವಿಲ್ಲ, ಕೊಳೆಯಿಲ್ಲ.

"ಇರುವೆ ಕಾಟ ಇದೆಯಾ?"

"ಒಂದೂ ಇಲ್ಲ ಅಕ್ಕ. ಯಾಕೋ ಈ ಮನೇಲಿ ಇರುವೆ ಉಳಿಯೋದೇ ಇಲ್ಲ" ಎನ್ನುತ್ತ ಸಿಂಗಾರಯ್ಯ ಮುಂದೆ ನಡೆದ. ಸೂರಿಗೆ ಅವನ ತಲೆ ಠಣ್ಣೆಂದು ಬಡಿಯಿತು.

"ಇದೇನಪ್ಪ, ನಿನ್ನ ಮನೆ ನಿಂಗೇ ತಲೆಗೆ ತಗಲುತ್ತಲ್ಲ?"

"ಈಚೆಗೆ ಸ್ವಲ್ಪ ಬೆಳೆದೆ ಅಕ್ಕ."

ಒಳಕೋಣೆಯ ಮೂಲೆಯಲ್ಲಿ ಕಂದುಬಣ್ಣದ ದೊಡ್ಡದೊಂದು ಉಂಡೆ ಇತ್ತು. "ಅದೇನು?" ಎಂದು ಕೇಳಿದಳು ಚೌಡಮ್ಮ.

"ಚೆಂಡು. ನಾಯಿ ಆಡ್ಲಿ ಅಂತ ತಂದಿಟ್ಟೆ."

"ಇಷ್ಟು ದಪ್ಪದ್ದಾ?"

"ನಾಯೀನೂ ದಪ್ಪ ಅಲ್ವಾ ಅಕ್ಕ."

ಚೆಂಡು ಸ್ವಲ್ಪ ನಡುಗಿದ ಹಾಗಿತ್ತು. "ಗಾಳಿಗೆ" ಎಂದ ಸಿಂಗಾರಯ್ಯ. ಬೇರೆ ಯಾರಾದರೂ ಆಗಿದ್ದರೆ ಹತ್ತಿರ ಹೋಗಿ ಮುಟ್ಟಿ ನೋಡುತ್ತಿದ್ದರು. ಚೌಡಮ್ಮ ಹೋಗಲಿಲ್ಲ. ಅವಳು ಹತ್ತಿರ ಹೋಗಿ ಆಸರೆಯಲ್ಲಿ ಆಗಲೇ ಮೂರು ಚೆಂಡು ತೂತಾಗಿದ್ದವು. ಪಾಪ, ಹೊಸ ಚೆಂಡು, ಹಾಳಾಗುವುದು ಬೇಡ ಎಂದು ಒಂದು ಮಾರು ಹಿಂದೆ ಸರಿದಳು. ಬೆನ್ನಿನಿಂದ ಒಂದು ಮುಳ್ಳು ಕಿತ್ತು ಬಾಯಲ್ಲಿ ಹೇಳಿಕೊಳ್ಳುತ್ತ ತೇಗದೆಲೆಯ ಮೇಲೆ ಬರೆದುಕೊಂಡಳು. ಮನೆ ಚೊಕ್ಕಟ. ಗಾಳಿ ಇದೆ. ಚೆಂಡೂ ಇದೆ.

ಸಂಜೆಗೆ ಮುಂಚೆಯೇ ಬೂರಣ್ಣ ಸಿಂಗಾರಯ್ಯನ ಜೊತೆ ಹೊರಟ. ಹೋಗುವಾಗ ಅವನ ಹಿಂಭಾಗವೆಲ್ಲ ಕುಣಿಯುತ್ತಿತ್ತು. ಅವನು ತಿರುಗಿ ನೋಡಲಿಲ್ಲ. ಚೌಡಮ್ಮ ಮಾತ್ರ ಆ ಬಾಲ ಕಾಣದಾಗುವವರೆಗೂ ನಿಂತೇ ಇದ್ದಳು. ಆಮೇಲೆ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.

ಎಂಟನೆಯ ದಿನ ಬಂತು. ಹೇಳದೆ ಹೋಗುವ ತಪಾಸಣೆಗೆ ಚೌಡಮ್ಮ ಹೊರಟಳು. ಗುಟ್ಟಾಗಿ ಹೋಗಬೇಕೆಂದಿದ್ದಳು. ಆದರೆ ತಿರುವಿನಲ್ಲಿ ಕರಡಿ ಕಾದಿತ್ತು. "ಸುಮ್ನೆ ಬಂದೆ. ಆ ತಿಂಡಿಪೋತ ಹೇಗಿದಾನೆ ನೋಡೋಣ ಅಂತ" ಎಂದಿತು. ಸ್ವಲ್ಪ ದೂರದಲ್ಲಿ ನೀರುನಾಯಿ ಸಿಕ್ಕಿತು. ಅದೂ ಸುಮ್ಮನೆ ಬಂದಿತ್ತು. ಹೆಣ್ಣುನವಿಲು ಕೂಡ ಸುಮ್ಮನೆ ಬಂದಿದ್ದಳು. ಬೂರಣ್ಣನನ್ನು ವಾಪಸು ಕಳಿಸಿದ ಮೂವರೂ ಅವನಿಗೆಂದು ಏನೋ ತಿನ್ನಲು ತಂದು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದರು. ಕೊನೆಗೆ ಅಧ್ಯಕ್ಷ ಭರಮಣ್ಣನೂ ಬಂದ.

"ನಾನು ಸುಮ್ನೆ ಬಂದಿಲ್ಲ" ಎಂದ ಅವನು. "ಇದೂ ವಾಪಸಾದ್ರೆ ನಾಲ್ಕಾಯ್ತು ನೋಡು ಚೌಡಮ್ಮ. ಕಟ್ಟಳೆ ಕಟ್ಟಳೆಯೇ."

ಚೌಡಮ್ಮ ಹೆಜ್ಜೆ ಬಿರುಸಾಗಿ ಹಾಕಿದಳು.

ಹೊಂಗೆಮರದ ಕೆಳಗೆ ನಾಯಿ ಇರಲಿಲ್ಲ. ನರಿಯೂ ಇರಲಿಲ್ಲ. ಬಾಗಿಲಲ್ಲಿ ಯಾರೋ ನೆಲ ಗುಡಿಸುತ್ತಿದ್ದ ಹಾಗಿತ್ತು. ಇವರ ಸಪ್ಪಳ ಕೇಳಿದ್ದೇ ತಡ, ಗುಡಿಸುತ್ತಿದ್ದವನು ಮಾಯವಾಗಿ ಅಲ್ಲೊಂದು ಉಂಡೆ ಉಳಿಯಿತು.

"ಅಯ್ಯೋ, ಚೆಂಡು ಇಲ್ಲೇ ಇದೆ. ನಾಯಿ ಎಲ್ಲಿ?" ಎಂದಳು ಚೌಡಮ್ಮ.

"ನಾನು ಚೆಂಡಲ್ಲಮ್ಮ" ಎಂದಿತು ಉಂಡೆ.

ಎಲ್ಲರೂ ಒಂದು ಹೆಜ್ಜೆ ಹಿಂದೆ ಹಾರಿದರು. "ಚೆಂಡು ಮಾತಾಡ್ತು!" ಎಂದು ಕರಡಿ ಭರಮಣ್ಣನ ಹಿಂದೆ ಅಡಗಿತು. ಉಂಡೆಯೊಳಗಿನಿಂದ ಮೊದಲು ಒಂದು ಮೂಗು ಬಂತು. ಆಮೇಲೆ ಒಂದು ಕಣ್ಣು ಬಂತು.

"ನಾನು ಮೌನಪ್ಪ. ಇರುವೆ, ಗೆದ್ದಲು ತಿನ್ನೋ ಚಿಪ್ಪುಹಂದಿ. ಇದು ನನ್ನ ಮನೆ."

"ನಿನ್ನ ಮನೆ ಅಂತ ಅವತ್ತು ಯಾಕಪ್ಪ ಬಾಯಿ ಬಿಡ್ಲಿಲ್ಲ?"

"ಸಿಂಗಾರಯ್ಯ ಓಡಿಬಂದು ಚಿರತೆ ಬಂತು ಅಂದ. ಸುತ್ಕೊಂಡೆ. ಆಮೇಲೆ ನಿಮ್ಮನ್ನ ಕರ್ಕೊಂಡು ಬಂದ. ಸಂದಿಯಿಂದ ನಿಮ್ಮ ಮುಳ್ಳು ಕಾಣ್ತು. ಇನ್ನೂ ಬಿಗಿಯಾಗಿ ಸುತ್ಕೊಂಡೆ."

"ಎಷ್ಟು ಹೊತ್ತು ಹಾಗೇ ಇದ್ದೆ?"

"ಮೂರು ದಿನ" ಎಂದ ಮೌನಪ್ಪ. "ನಂದು ಸ್ವಲ್ಪ ನಾಚಿಕೆ ಸ್ವಭಾವ."

ಚೌಡಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗೋಡೆ ನೋಡಿದ್ದಳು, ಮರಳು ನೋಡಿದ್ದಳು, ಮನೆಯ ಯಜಮಾನನನ್ನೇ ಚೆಂಡು ಎಂದು ಬರೆದುಕೊಂಡು ಬಂದಿದ್ದಳು.

"ನರಿಯ ಮನೆ ಎಲ್ಲಿ?"

ಮೌನಪ್ಪ ಮೊಳದುದ್ದದ ನಾಲಿಗೆ ಚಾಚಿ ಗುಡ್ಡದ ಕಡೆಗಿದ್ದ ಬಂಡೆಗಳನ್ನು ತೋರಿಸಿದ. ಐದು ಜನ ಒಟ್ಟಿಗೆ ತನ್ನನ್ನೇ ನೋಡುತ್ತಿರುವುದು ಕಂಡು ಮತ್ತೆ ಸುತ್ತಿಕೊಂಡ. ಸಾಕ್ಷಿಗೆ ಬೇಕಾಗುತ್ತಾನೆಂದು ಕರಡಿ ಅವನನ್ನು ಹಾಗೆಯೇ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಿತು.

ಬಂಡೆಗಳ ಮುಂದೆ ಲಂಟಾನ ಪೊದೆಯೊಂದಿತ್ತು. ಅದರ ಹಿಂದೆ ಎಲ್ಲರೂ ಬಗ್ಗಿ ನಿಂತರು. ಭರಮಣ್ಣನ ಬೆನ್ನು ಪೊದೆಗಿಂತ ಮೇಲಿತ್ತು. ಆದರೆ ಬಂಡೆಗಳ ನಡುವಿನ ಗುಹೆಯ ಮುಂದೆ ನಿಂತಿದ್ದ ನರಿ ಇತ್ತ ನೋಡುವ ಸ್ಥಿತಿಯಲ್ಲಿರಲಿಲ್ಲ. ಎಂಟೇ ದಿನದಲ್ಲಿ ಸಿಂಗಾರಯ್ಯ ಕಡ್ಡಿಯಾಗಿದ್ದ. ಬಾಲ ಬಾಚಿರಲಿಲ್ಲ. ಬೂರಣ್ಣ ಮಾತ್ರ ಇನ್ನೊಂದು ಸುತ್ತು ದಪ್ಪವಾಗಿದ್ದ.

"ಹೇಳ್ಕೊಟ್ಟಿದ್ದು ನೆನಪಿದೆಯೇನೋ? ಯಾರಾದ್ರೂ ಈ ಕಡೆ ಬಂದ್ರೆ ಏನ್ಮಾಡ್ಬೇಕು?"

"ಖುಷಿ ಪಡ್ಬೇಕು."

"ಅಲ್ವೋ! ಹಲ್ಲು ತೋರಿಸ್ಬೇಕು. ಎಲ್ಲಿ, ತೋರ್ಸು."

ಬೂರಣ್ಣ ಹಲ್ಲು ತೋರಿಸಿದ. ನಕ್ಕ ಹಾಗಿತ್ತು. ನಕ್ಕದ್ದೇ.

"ಗುರ್ರ್ ಅನ್ನು."

"ಗು..." ಎಂದು ಶುರುಮಾಡಿದ ಬೂರಣ್ಣ. ಅಷ್ಟರಲ್ಲಿ ಬಾಲ ಜೋರಾಗಿ, ಬಾಲದ ಹಿಂದೆ ಸೊಂಟವೂ ತೂಗಿ, ಆಯ ತಪ್ಪಿ ಅಂಗಾತ ಬಿದ್ದ. "ಹೊಟ್ಟೆ ಕೆರೀರಿ ಯಜಮಾನ್ರೇ."

"ನಿನ್ನ ಹೊಟ್ಟೆ ಸುಡ್ಲಿ! ಅದಕ್ಕೆ ತುಂಬಿಸಿ ತುಂಬಿಸಿ ನಾನು ಒಣಗಿಹೋದೆ. ಎಂಟು ದಿನದಿಂದ ಬಡ್ಕೋತಿದೀನಿ, ಊರೋರ ಮನೇಲಿ ಎತ್ಕೊಂಡು ಬಂದಿದ್ದೆಲ್ಲ ಒಳಗಿದೆ, ಯಾರೂ ಹತ್ರ ಸುಳೀದ ಹಾಗೆ ಕಾಯ್ಬೇಕು ಅಂತ. ನಿನ್ನನ್ನ ತಂದಿದ್ದೇ ಅದಕ್ಕೆ. ತಿಳೀತಾ?"

"ತಿಳೀತು" ಎಂದ ಬೂರಣ್ಣ. "ಒಳಗಿರೋದು ಊಟನಾ?"

ಪೊದೆಯ ಹಿಂದೆ ಚೌಡಮ್ಮನ ಮುಳ್ಳುಗಳು ಒಂದೊಂದಾಗಿ ಎದ್ದು ಒಂದಕ್ಕೊಂದು ಬಡಿದುಕೊಂಡವು. ಕಿವಿ ಮಂದವಿದ್ದ ಸಿಂಗಾರಯ್ಯ ಥಟ್ಟನೆ ತಿರುಗಿದ. ತಿರುಗುವುದರೊಳಗೆ ಅವನ ಮುಖದಲ್ಲಿ ನಗು ಬಂದಾಗಿತ್ತು.

"ಓಹೋಹೋ, ಚೌಡಕ್ಕ! ಅಧ್ಯಕ್ಷರೂ ಬಂದಿದಾರೆ! ನೋಡಿ, ನಾಯಿಗೆ ಆ ಮನೆ ಇಕ್ಕಟ್ಟಾಯ್ತು ಅಂತ ಇಲ್ಲಿಗೆ ಬಂದ್ವಿ. ಒಳಗೆ ಕರೀತಿದ್ದೆ, ಗುಡಿಸಿಲ್ಲ ನೋಡಿ" ಎನ್ನುತ್ತ ಗುಹೆಯ ಬಾಯಿಗೆ ಅಡ್ಡ ನಿಂತ.

ಬೂರಣ್ಣ ಎದ್ದು ನಿಂತ. ಬಂದವರೆಲ್ಲರನ್ನೂ ನೋಡಿದ. ಕರಡಿ! ನೀರುನಾಯಿ! ನವಿಲಮ್ಮ! ಚೌಡಮ್ಮ! ಅವನಿಗೆ ಸಂತೋಷ ತಡೆಯಲಾಗಲಿಲ್ಲ. ನಿಂತಲ್ಲೇ ಮೂರು ಸುತ್ತು ತಿರುಗಿದ. ಬಂದವರನ್ನು ಬರಿಬಾಯಲ್ಲಿ ಎದುರುಗೊಳ್ಳುವುದು ಲ್ಯಾಬ್ರಡಾರ್‌ಗಳಲ್ಲಿ ಮರ್ಯಾದೆಯಲ್ಲ. ಅವನು ಅತ್ತಿತ್ತ ನೋಡಿ, ಏನೂ ಸಿಗದೆ, ನರಿಯ ಕಾಲುಗಳ ನಡುವೆಯೇ ನುಗ್ಗಿ ಗುಹೆಯೊಳಗೆ ಹೋದ. ನರಿ ಉರುಳಿಬಿದ್ದ.

ಹೊರಗೆ ಬಂದಾಗ ಬೂರಣ್ಣನ ಬಾಯಲ್ಲಿ ಜೇನಿನ ಗಡಿಗೆಯಿತ್ತು. ಅದನ್ನು ಮೆಲ್ಲಗೆ ಕರಡಿಯ ಮುಂದೆ ಇಟ್ಟ.

"ಇದು ನಂದು" ಎಂದಿತು ಕರಡಿ. "ಅಂಚಲ್ಲಿ ನನ್ನ ಹಲ್ಲಿನ ಗುರುತಿದೆ."

"ಹೊಳೇಲಿ ತೇಲ್ಕೊಂಡು ಬಂತು" ಎಂದ ಸಿಂಗಾರಯ್ಯ. "ಕೊಡೋಣ ಅಂತಲೇ ಎತ್ತಿಟ್ಟಿದ್ದೆ."

ಬೂರಣ್ಣ ಮತ್ತೆ ಒಳಗೆ ಹೋಗಿ ಒಣಮೀನಿನ ಸರ ತಂದ.

"ಮೀನೂ ಹೊಳೇಲಿ ತೇಲ್ಕೊಂಡು ಬಂತಾ?" ಎಂದಿತು ನೀರುನಾಯಿ.

"ಮೀನು ಮತ್ತೆಲ್ಲಿಂದ ಬರ್ತದೆ?"

"ತಾನೇ ಒಣಗಿ, ತಾನೇ ದಾರಕ್ಕೆ ಪೋಣಿಸ್ಕೊಂಡಾ?"

ಅಷ್ಟರಲ್ಲಿ ಬೂರಣ್ಣ ಹೆಣ್ಣುನವಿಲಿನ ಗರಿಬೀಸಣಿಗೆ ತಂದ. ಆಮೇಲೆ ಸಂಘದ ಸಭೆಯ ಗಂಟೆಯನ್ನು ಢಣಢಣ ಎನ್ನಿಸುತ್ತ ತಂದು ಭರಮಣ್ಣನ ಮುಂದಿಟ್ಟ. ಅದು ಕಳುವಾದಂದಿನಿಂದ ಸಂಘದಲ್ಲಿ ಒಂದು ಸಭೆಯೂ ನಡೆದಿರಲಿಲ್ಲ. ಆ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ.

"ಸಾಕು ಕಣೋ ಬೂರಣ್ಣ! ಸಾಕು ನನ್ನಪ್ಪ!" ಎಂದು ನರಿ ಕೈಮುಗಿದ.

ಬೂರಣ್ಣನಿಗೆ ಇನ್ನೂ ಒಬ್ಬರು ಉಳಿದಿದ್ದರು. ಕೊನೆಯ ಸಲ ಅವನು ತಂದದ್ದು ಮುದ್ದೆ ತಿರುವುವ ಕೋಲು. ಅದು ಆಸರೆಯಿಂದ ಕಾಣೆಯಾಗಿ ತಿಂಗಳಾಗಿತ್ತು. ಚೌಡಮ್ಮ ಅಲ್ಲಿಯವರೆಗೂ ತನ್ನ ಮುಳ್ಳಿನಲ್ಲೇ ಮುದ್ದೆ ತಿರುವುತ್ತಿದ್ದಳು. ಬೂರಣ್ಣ ಕೋಲು ಹಿಡಿದು ಅವಳತ್ತ ಓಡಿಬಂದ. ಸರಿಯಾಗಿ ಒಂದು ಮಾರು ದೂರದಲ್ಲಿ ನಿಂತ. ಕೋಲು ಕೆಳಗಿಟ್ಟ. ಕೂತುಕೊಂಡ. ಚೌಡಮ್ಮ ಬಗ್ಗಿ ಕೋಲು ಎತ್ತಿಕೊಂಡಳು.

ಎಲ್ಲರ ಕಣ್ಣೂ ಅತ್ತ ಇದ್ದಾಗ ಸಿಂಗಾರಯ್ಯ ಕಾಲಿಗೆ ಬುದ್ಧಿ ಹೇಳಿದ.

ಅವನು ಒಂದು ತಪ್ಪು ಮಾಡಿದ. ಲ್ಯಾಬ್ರಡಾರ್ ಎದುರಿಗೆ ಯಾವುದೂ ಓಡಬಾರದು. ಓಡಿದ್ದನ್ನು ಅದು ತಂದುಕೊಡುತ್ತದೆ. ಕರಡಿ "ಹಿಡೀರಿ" ಎನ್ನುವುದರೊಳಗೆ ಬೂರಣ್ಣ ಚಿಮ್ಮಿದ್ದ. ಎರಡೇ ಕ್ಷಣದಲ್ಲಿ ನರಿಯ ಬಾಲ ಕಚ್ಚಿಕೊಂಡು ಬಂದು ಚೌಡಮ್ಮನ ಮುಂದೆ ಇಟ್ಟ. ಕೂದಲೂ ಕೊಂಕಿರಲಿಲ್ಲ.

"ಬಿಡೋ ಬೂರಣ್ಣ! ನಾನು ನಿನ್ನ ಯಜಮಾನ ಕಣೋ!"

ಬೂರಣ್ಣ ಬಿಟ್ಟ. ನರಿ ಮತ್ತೆ ಓಡಿದ. ಬೂರಣ್ಣನಿಗೆ ಇದಕ್ಕಿಂತ ಒಳ್ಳೆಯ ಆಟ ಸಿಕ್ಕೇ ಇರಲಿಲ್ಲ. ಈ ಸಲ ಕತ್ತು ಹಿಡಿದು ತಂದ. ಮೂರನೆಯ ಸಲ ಸಿಂಗಾರಯ್ಯ ಹೊಳೆಗೆ ಹಾರಿದ. ನೀರಿಗೆ ಬಿದ್ದರೆ ನಾಯಿ ಬರುವುದಿಲ್ಲ ಎಂದುಕೊಂಡ. ನೀರುನಾಯಿ ತಲೆ ಚಚ್ಚಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಬೂರಣ್ಣ ತೊಪ್ಪೆಯಾದ ನರಿಯನ್ನು ಎಳೆದು ತಂದು, ಎಲ್ಲರ ನಡುವೆ ನಿಂತು, ಮನಸಾರೆ ಮೈ ಕೊಡವಿದ.

"ಓಡಲ್ಲ" ಎಂದ ಸಿಂಗಾರಯ್ಯ ಏದುಸಿರು ಬಿಡುತ್ತ. "ತಾಯಾಣೆ, ಇನ್ನು ಓಡಲ್ಲ. ಇವನಿಗೆ ಇನ್ನು ಸಾಕು ಅಂತ ಹೇಳಿ."

ಎಲ್ಲರೂ ನಕ್ಕರು. ಭರಮಣ್ಣ ನಗಲಿಲ್ಲ. ಮುಖದ ನೀರು ಒರೆಸಿಕೊಂಡು ಕೆಮ್ಮಿದ.

"ಕಳ್ಳ ಸಿಕ್ಕಿದ, ಸರಿ. ಆದ್ರೆ ನಾಯಿ ಈ ಮನೆಯಿಂದ್ಲೂ ವಾಪಸಾಯ್ತಲ್ಲ. ಇದು ನಾಲ್ಕನೇದು."

ನಗು ನಿಂತಿತು. ಬೂರಣ್ಣನ ಬಾಲ ಮಾತ್ರ ನೆಲಕ್ಕೆ ಪಟಪಟ ಬಡಿಯುತ್ತಿತ್ತು. ಕರಡಿ ಕಾಲಬೆರಳು ನೋಡಿಕೊಂಡಿತು. ಹೆಣ್ಣುನವಿಲು ಬೀಸಣಿಗೆ ಮಡಚಿದಳು.

"ತಪ್ಪು ನಂದು" ಎಂದಳು ಚೌಡಮ್ಮ. "ಸರಿಯಾಗಿ ನೋಡ್ದೆ ಕೊಟ್ಟೋಳು ನಾನು. ಅದಕ್ಕೆ ಅವನನ್ನ ರಸ್ತೆಗೆ ಬಿಡ್ತೀರಾ?"

"ನಂಗೇನು ಆಸೇನಾ ಚೌಡಮ್ಮ? ಒಬ್ಬನಿಗೆ ಕಟ್ಟಳೆ ಮುರಿದ್ರೆ ನಾಳೆ ಎಲ್ಲರಿಗೂ ಮುರೀಬೇಕು. ಇರೋದು ಹನ್ನೊಂದೇ ಜಾಗ."

ಚೌಡಮ್ಮನ ಮುಳ್ಳುಗಳೆಲ್ಲ ಜೋತುಬಿದ್ದವು. ಆಗ ಕರಡಿಯ ಕಂಕುಳಿಂದ ಒಂದು ಸಣ್ಣ ದನಿ ಬಂತು.

"ವಾಪಸು ಎಲ್ಲಾಯ್ತು ಸ್ವಾಮಿ?"

ಎಲ್ಲರೂ ತಿರುಗಿದರು. ಮೌನಪ್ಪ ಮೂಗು ಹೊರಗೆ ಹಾಕಿದ್ದ. ಅವನಿಗೆ ಮತ್ತೆ ಸುತ್ತಿಕೊಳ್ಳಬೇಕೆನ್ನಿಸಿತು. ಚಿಪ್ಪುಗಳು ಕಟಕಟ ಎಂದವು. ಆದರೂ ಅವನು ಸುತ್ತಿಕೊಳ್ಳಲಿಲ್ಲ.

"ತಪಾಸಣೆ ಮಾಡಿದ್ದು ನನ್ನ ಮನೇನ. ಚೊಕ್ಕಟ ಇದೆ ಅಂತ ಈ ಅಮ್ಮ ಹೇಳಿದ್ದು ನಾನು ಒಳಗಿಂದ ಕೇಳಿಸ್ಕೊಂಡೆ. ನಾಯಿ ಕೊಟ್ಟಿದ್ದೂ ಆ ಮನೇಗೆ. ಆದ್ರೆ ನಾಯಿ ಇನ್ನೂ ಅಲ್ಲಿಗೆ ಬಂದೇ ಇಲ್ಲ. ದಾರೀಲಿ ಯಾರೋ ಕರ್ಕೊಂಡು ಹೋದ್ರು. ಬಾರದೇ ಇರೋ ನಾಯಿ ವಾಪಸು ಹೇಗಾಗ್ತದೆ?"

ಭರಮಣ್ಣ ಆ ಮಾತನ್ನು ಬಾಯೊಳಗೆ ಹಾಕಿಕೊಂಡು ಮೆಲುಕು ಹಾಕಿದ. ಬಹಳ ಹೊತ್ತು ಮೆಲುಕು ಹಾಕಿದ. ಕಟ್ಟಳೆಯನ್ನು ಈ ಬದಿಯಿಂದ ಅಗಿದ, ಆ ಬದಿಯಿಂದ ಅಗಿದ. ಕೊನೆಗೆ ನುಂಗಿದ.

"ಸರಿಯಿದೆ" ಎಂದ. "ನಾಯಿ ಎಂಟು ದಿನ ದಾರೀಲಿ ತಡವಾಗಿದೆ, ಅಷ್ಟೆ."

ಕರಡಿ ಕುಣಿಯಿತು. ಕಂಕುಳಲ್ಲಿದ್ದ ಮೌನಪ್ಪನೂ ಕುಣಿಯಬೇಕಾಯಿತು. ಚೌಡಮ್ಮ ಮಾತ್ರ ಈ ಸಲ ಅವಸರ ಮಾಡಲಿಲ್ಲ. ಮೌನಪ್ಪನನ್ನು ಕೆಳಗಿಳಿಸಿ ಎದುರಿಗೆ ಕೂರಿಸಿಕೊಂಡಳು.

"ಕನಿಕರಕ್ಕೆ ಹೇಳ್ಬೇಡ ಮೌನಪ್ಪ. ಇವನು ಬಹಳ ತಿಂತಾನೆ. ಮರಳೆಲ್ಲ ಕೆದರ್ತಾನೆ. ನೀನು ಸುತ್ಕೊಂಡ್ರೆ ನಿನ್ನೇ ಬಾಯಲ್ಲಿ ಹಿಡ್ಕೊಂಡು ಓಡ್ತಾನೆ. ನಿಜವಾಗ್ಲೂ ಬೇಕಾ ನಿಂಗೆ?"

ಮೌನಪ್ಪ ನೆಲ ನೋಡಿದ. "ಮರಳು ಇನ್ನೊಂದು ಸಲ ಹಾಸ್ಕೋಬಹುದು ಅಮ್ಮ. ಆ ಮರ ಬಿಟ್ಟು ನಾನು ಎಲ್ಲಿಗೂ ಹೋದೋನಲ್ಲ. ಯಾರಾದ್ರೂ ಕರ್ಕೊಂಡು ಹೋಗ್ಲಿ ಅಂತ ಬಾಯಿಬಿಟ್ಟು ಕೇಳೋಕೂ ನಾಚಿಕೆ."

ಊಟದ ಚಿಂತೆ ಬೇಡ ಎಂದರು ಉಳಿದವರು. ಬೆನ್ನ ಹಿಂದೆ ಮುಚ್ಚಿಟ್ಟದ್ದನ್ನೆಲ್ಲ ಹೊರಗೆ ತೆಗೆದು ಬೂರಣ್ಣನ ಮುಂದಿಟ್ಟರು. ಇಟ್ಟಷ್ಟೇ ಹೊತ್ತಿನಲ್ಲಿ ಅದು ಖಾಲಿಯಾಯಿತು.

ಸಿಂಗಾರಯ್ಯನಿಗೆ ಏನು ಶಿಕ್ಷೆ ಕೊಡುವುದೆಂದು ಹೆಚ್ಚು ಯೋಚಿಸಬೇಕಾಗಲಿಲ್ಲ. ಸಂಘಕ್ಕೆ ಸ್ವಯಂಸೇವಕರು ಸಾಲದಾಗಿದ್ದರು. ಅವನು ದಿನಾ ಬೆಳಿಗ್ಗೆ ಆಸರೆಯ ಉಳಿದ ಹತ್ತು ನಾಯಿಗಳಿಗೆ ಮುದ್ದೆ ಬಡಿಸತೊಡಗಿದ. ಹತ್ತೂ ನಾಯಿಗಳು ದಿನಾ ಬೆಳಿಗ್ಗೆ ಅವನನ್ನು ಕೆಡವಿ, ಮುಖ ಕಿವಿ ಎನ್ನದೆ ನೆಕ್ಕಿ ಬರಮಾಡಿಕೊಂಡವು. ಹೊಳೆಯಲ್ಲಿ ಎಷ್ಟು ಸಲ ಮುಳುಗೆದ್ದರೂ ಆ ವಾಸನೆ ಹೋಗಲಿಲ್ಲ. ಕದಿಯಲು ಹೋದ ಮನೆಗಳಿಗೆಲ್ಲ ಅವನಿಗಿಂತ ಮೊದಲು ಅವನ ವಾಸನೆ ತಲುಪುತ್ತಿತ್ತು. ಎರಡು ಸಲ ಕೋಳಿಗಳೇ ಎದ್ದು ಬಂದು "ಏನು ಸಿಂಗಾರಯ್ಯ, ನಾಯಿಗಳು ಚೆನ್ನಾಗಿವೆಯಾ?" ಎಂದು ವಿಚಾರಿಸಿದವು. ಮೂರನೆಯ ಸಲ ಅವನು ಹೋಗಲಿಲ್ಲ.

ಮತ್ತೊಂದು ಎಂಟನೆಯ ದಿನ ಚೌಡಮ್ಮ ಯಾರಿಗೂ ಹೇಳದೆ ಹೊಂಗೆಮರದ ಕಡೆ ನಡೆದಳು. ಈ ಸಲ ನಿಜವಾಗಿಯೂ ಒಬ್ಬಳೇ ಹೋದಳು. ಮನೆಯ ಬಾಗಿಲು ತೆರೆದಿತ್ತು. ಮರಳೆಲ್ಲ ಕೆದರಿತ್ತು. ಗೋಡೆಯ ಮೇಲೆ ಕೆಸರಿನ ಹೆಜ್ಜೆ, ಸೂರಿನ ಮೇಲೂ ಒಂದು ಹೆಜ್ಜೆ. ಅದು ಅಲ್ಲಿಗೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಒಳಗೆ ಯಾರೂ ಇರಲಿಲ್ಲ. ಚೌಡಮ್ಮ ಓಡಿ ಹೊರಗೆ ಬಂದಳು. ಅವಳು ಹೆದ್ದಾರಿಯ ದಿಕ್ಕಿಗೆ ನೋಡಿದಳು. ಹೊಳೆಯ ದಿಕ್ಕಿಗೆ ನೋಡಿದಳು.

ಹೊಳೆಯ ದಂಡೆಯ ಮೇಲೆ ಬೂರಣ್ಣ ಓಡುತ್ತಿದ್ದ. ಬಾಯಲ್ಲಿ ಮೌನಪ್ಪನಿದ್ದ. ಕಾಡಿಗೆಲ್ಲ ಕೇಳುವ ಹಾಗೆ ಮೌನಪ್ಪ ಕೂಗುತ್ತಿದ್ದ.

"ಎಡಕ್ಕೆ! ಎಡಕ್ಕೋ ಬೂರಣ್ಣ! ಆ ಹುತ್ತ ಆಯ್ತು, ಮುಂದಿನ ಹುತ್ತಕ್ಕೆ ನಡಿ!"

ಚೌಡಮ್ಮ ಅವರನ್ನು ಕರೆಯಲಿಲ್ಲ. ಬೆನ್ನಿನಿಂದ ಒಂದು ಮುಳ್ಳು ಕಿತ್ತು, ತೇಗದೆಲೆ ಹರವಿಕೊಂಡು ಬರೆದಳು. ಮನೆ ಗಲೀಜು. ಮನೆಯಲ್ಲಿ ಯಾರೂ ಇಲ್ಲ. ಇಬ್ಬರೂ ಸುಖವಾಗಿದ್ದಾರೆ.

ನೀತಿ: ಸುಳ್ಳು ಹೇಳಿ ಪಡೆದದ್ದು ಒಂದಲ್ಲ ಒಂದು ದಿನ ಆ ಸುಳ್ಳನ್ನೇ ಬಾಯಲ್ಲಿ ಕಚ್ಚಿ ಹೊರಗೆ ತರುತ್ತದೆ. ಇನ್ನೊಬ್ಬರಿಗೆ ಆಸರೆ ಹುಡುಕುವವರು ಮನೆಯನ್ನು ನೋಡಿದರೆ ಸಾಲದು, ಮನೆಯವರನ್ನೂ ನೋಡಬೇಕು.